ನೀಲಿ ದಿನದ ಹಸಿರು ದಾರ

ಚಳಿ ಹಿಂದೆ ಸರಿದು, ಬಿಸಿಲು ಇನ್ನೂ ಚುರುಕಾಗದ ದಿನಗಳು. ಸೋಮವಾರ, ಬೆಳಿಗ್ಗೆ ಏಳೂವರೆ. ಎಡಚಿ ಅಡುಗೆಮನೆಯ ಮೇಜಿನ ಮೇಲೆ ಅರ್ಜಿ ಹರಡಿಕೊಂಡು ಕೂತು ಮುಕ್ಕಾಲು ಗಂಟೆಯಾಗಿತ್ತು. ಪೆನ್ನು ಒಂಬತ್ತನೇ ಸಾಲಿನ ಹತ್ತಿರ ಬಂದು ನಿಂತುಬಿಟ್ಟಿತ್ತು.

"ಅಲ್ಲಿ ಏನಂತ ಕೇಳಿದಾರೆ?" ಎಂದೆ. ನನ್ನ ಓದು ಎರಡನೇ ಕ್ಲಾಸಿನದು. ಅಚ್ಚಿನ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿಹೋಗುತ್ತದೆ.

"ಹಿಂದಿನ ಕೆಲಸ ಬಿಡಲು ಕಾರಣ."

"ಏನು ಬರೀತೀಯ?"

"ಇದ್ದದ್ದನ್ನ. ಕೆಲಸದಿಂದ ತೆಗೆದರು ಅಂತ."

"ನಾನೇ ಬಿಟ್ಟೆ ಅಂತ ಬರೆದರೆ ಯಾರು ಬಂದು ನೋಡ್ತಾರೆ?"

"ಹೋದ ಸಲ ಹೋಟೆಲಿನಲ್ಲಿ ಹಾಗೇ ಬರೆದೆನಲ್ಲ ದೊಡ್ಡಮ್ಮಾ. ಹನ್ನೊಂದನೇ ದಿನ ಕರೆದು ಕೂರಿಸಿ ಕೇಳಿದರು. ಅಲ್ಲಿಂದ ತೆಗೆದದ್ದಕ್ಕಲ್ಲಮ್ಮಾ, ನೀನು ಮುಚ್ಚಿಟ್ಟದ್ದಕ್ಕೆ ಕಳಿಸ್ತಿದೀವಿ ಅಂದರು. ಆ ಹನ್ನೊಂದು ದಿನ ಆಫೀಸಿನ ಫೋನ್ ಹೊಡೆದುಕೊಂಡಾಗಲೆಲ್ಲ ನನ್ನ ಎದೇನೂ ಹೊಡೆದುಕೊಳ್ತಿತ್ತು. ಅಂಥ ಕೆಲಸ ಬೇಡ."

ಅಷ್ಟು ಹೇಳಿ ಬಗ್ಗಿ ಬರೆದೇಬಿಟ್ಟಳು. ಎಡಗೈಯಲ್ಲಿ ಬರೆಯುವಾಗ ಅವಳ ಅಂಗೈ ಶಾಯಿಯ ಮೇಲೆ ಹರಿದು, ಕಿರುಬೆರಳಿನ ಬುಡ ಯಾವಾಗಲೂ ನೀಲಿಯಾಗಿರುತ್ತದೆ. ತೊಟ್ಟಿಲಲ್ಲಿ ಗಿಲಕಿಯನ್ನು ಎಡಗೈಯಲ್ಲೇ ಹಿಡಿದ ದಿನ ನಾನೇ ಇಟ್ಟ ಹೆಸರು ಅದು, ಎಡಚಿ. ಅವಳು ನನ್ನ ತಂಗಿಯ ಮಗಳು. ತಂಗಿ ಹೋದ ಮೇಲೆ ನನ್ನ ಮಗಳೇ.

ಮಾರನೆಯ ದಿನ, ಮಂಗಳವಾರ ಹತ್ತು ಗಂಟೆಗೆ, ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಅವಳಿಗೆ ಸಂದರ್ಶನ. ಹೋಟೆಲಿನ ಆ ಹನ್ನೊಂದು ದಿನ ಬಿಟ್ಟರೆ, ಮೂರು ವರ್ಷ ಮನೆಯಲ್ಲಿ ಕೂತು ಕಂಡವರ ಬಟ್ಟೆಗೆ ಗುಂಡಿ ಹೊಲಿದ ಮೇಲೆ ಸಿಕ್ಕ ಮೊದಲ ಕರೆ.

ನನ್ನ ಕೈಚೀಲದಲ್ಲಿ, ಹಳೆಯ ದಿಂಬಿನ ಕವರಿನೊಳಗೆ, ಮೂರು ವರ್ಷದ ಹಿಂದೆ ಲಾಂಡ್ರಿಯಲ್ಲಿ ಕಳೆದು ಅವಳ ಕೆಲಸ ತೆಗೆಸಿದ ಶಾಲು ಇತ್ತು. ಮುಚ್ಚಿಹೋದ ಒಂದು ಲಾಡ್ಜಿನ ಬೀರುವಿನಿಂದ ಹಳೆ ಬಟ್ಟೆ ಮಾರುವವಳ ಗುಡ್ಡೆಗೆ ಬಂದು, ಕಳೆದ ವಾರ ಅಲ್ಲಿಂದ ನನ್ನ ಕೈಗೆ ಸಿಕ್ಕಿತ್ತು. ಎಡಚಿಗೆ ಅದಿನ್ನೂ ಗೊತ್ತಿರಲಿಲ್ಲ. ಶಾಲಿನ ಜೊತೆಗೆ ಕಳ್ಳನನ್ನೂ ಹಿಡಿದು ಅವಳ ಮುಂದೆ ನಿಲ್ಲಿಸಬೇಕೆಂಬುದು ನನ್ನ ಆಸೆ. ಇದ್ದದ್ದು ಒಂದೇ ದಿನ.

*

ನಾವಿಬ್ಬರೂ ದುಡಿದ ಲಾಂಡ್ರಿಯ ಕೆಲಸ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು.

ನಮ್ಮಲ್ಲಿ ಬಟ್ಟೆಗೆ ಚೀಟಿ ಅಂಟಿಸುತ್ತಿರಲಿಲ್ಲ, ದಾರದಲ್ಲಿ ಗುರುತು ಹಾಕುತ್ತಿದ್ದೆವು. ಅಂಚಿನ ಮಡಿಕೆಯ ಒಳಗೆ, ಯಾರ ಕಣ್ಣಿಗೂ ಬೀಳದ ಹಾಗೆ. ದಿನಕ್ಕೊಂದು ಬಣ್ಣ: ಗುರುವಾರ ಬಂದ ಬಟ್ಟೆಗೆ ನೀಲಿ, ಶುಕ್ರವಾರದ್ದಕ್ಕೆ ಹಸಿರು, ಹೀಗೆ. ಏಳು ಹೊಲಿಗೆ ಇದ್ದರೆ ಆ ಬಣ್ಣದ ಏಳನೇ ಖಾನೆ. ಆ ಖಾನೆ ಯಾರದೋ ಅವರ ಮನೆಗೆ ಆ ಬಟ್ಟೆ. ಅಂದರೆ ಬಟ್ಟೆಯ ವಿಳಾಸವೇ ಅದು.

ಇಪ್ಪತ್ತೇಳು ವರ್ಷ ಆ ಸೂಜಿ ನನ್ನ ಕೈಯಲ್ಲಿತ್ತು. ಕಣ್ಣಿಗೆ ಪೊರೆ ಬಂದ ಮೇಲೆ ಮಾಲೀಕರು ನನ್ನನ್ನು ಬಟ್ಟೆ ಮಡಿಸುವ ಕಡೆಗೆ ಹಾಕಿ, ಎಡಚಿಗೆ ಸೂಜಿ ಕೊಟ್ಟರು. "ನೀವು ಇನ್ನು ಸೂಜಿ ಮುಟ್ಟಿದರೆ ಅವತ್ತೇ ಕೊನೆ" ಎಂದು ನಗುತ್ತಲೇ ಹೇಳಿದ್ದರು. ನಗುತ್ತಾ ಹೇಳಿದ್ದನ್ನೂ ಮಾಡಿ ತೋರಿಸುವ ಮನುಷ್ಯ.

ನಾಲ್ಕು ವರ್ಷವಾದ ಮೇಲೆ ಒಂದು ಗುರುವಾರ ಪಿಟೀಲು ಮೇಷ್ಟ್ರು ತಮ್ಮ ತಾಯಿಯ ಶಾಲು ತಂದುಕೊಟ್ಟರು. ಕಾಫಿ ಬಣ್ಣದ ಉಣ್ಣೆ, ಅಂಚಿಗೆ ಸಾಸಿವೆಯಷ್ಟು ಸಣ್ಣ ಬಿಳಿ ಹೂ. ಮುಂದಿನ ವಾರ ಕೊಂಡೊಯ್ಯಲು ಬಂದಾಗ ಅದು ಇರಲಿಲ್ಲ. ಗುರುತು ಹಾಕುವ ಹುಡುಗಿಯನ್ನು ತೆಗೆಯುವವರೆಗೂ ಏಳುವುದಿಲ್ಲ ಎಂದು ಮೇಷ್ಟ್ರು ಪಿಟೀಲು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಕೂತರು. ಯಾರ ಕೈಯಲ್ಲಿ ಕೊನೆಗೆ ನೋಡಿದೆ ಎಂದು ಮಾಲೀಕರು ಕೇಳಿದಾಗ, ಇಸ್ತ್ರಿಯ ಗಂಜಿಯಣ್ಣ ಎಡಚಿಯ ಕಡೆ ಕೈ ತೋರಿಸಿದ.

ಗುರುತು ಹಾಕಿದ್ದು ಯಾರು ಎಂದಾಗ ಎಡಚಿ "ನಾನೇ" ಎಂದಳು. ಸಂಜೆಯ ಹೊತ್ತಿಗೆ, ಕಳ್ಳತನಕ್ಕಾಗಿ ತೆಗೆದಿದೆ ಎಂಬ ಕಾಗದ ಅವಳ ಕೈಗೆ ಕೊಟ್ಟು ಕಳಿಸಿದರು.

ಈಗ ಸಿಕ್ಕ ಶಾಲಿನ ಬಲ ಮೂಲೆಯಲ್ಲಿ ಏಳು ಹೊಲಿಗೆ ಇದ್ದವು. ನೀಲಿಯಲ್ಲ, ಕೆಲಸ ಬಿಟ್ಟ ಮೇಲೆ ಪೊರೆ ತೆಗೆಸಿದ ನನ್ನ ಕಣ್ಣಿಗೆ ಅದು ಹಸಿರೇ. ನೀಲಿ ಏಳನೇ ಖಾನೆ ಎಂದರೆ ಮೇಷ್ಟ್ರ ಮನೆ, ಹಸಿರು ಏಳನೇ ಖಾನೆ ಎಂದರೆ ಆ ಲಾಡ್ಜು. ನೀಲಿ ದಿನದ ಬಟ್ಟೆಗೆ ಹಸಿರು ದಾರ ಹಾಕಿದವರು ಯಾರು? ಹೊಲಿಗೆ ಎಡಕ್ಕೆ ವಾಲಿರಲಿಲ್ಲ, ಆದ್ದರಿಂದ ಎಡಚಿಯದಲ್ಲ. ನನಗೆ ಅಷ್ಟು ಸಾಕಾಗಿತ್ತು. ಅದಕ್ಕಿಂತ ಹೆಚ್ಚಿಗೆ ನಾನು ನೋಡಲೇ ಇಲ್ಲ.

*

ಗಂಜಿಯಣ್ಣ ಈಗ ಲಾಂಡ್ರಿಯಲ್ಲಿಲ್ಲ. ಎರಡು ಬೀದಿ ಆಚೆ, ಸೋಡಾ ಅಂಗಡಿಯ ಪಕ್ಕದಲ್ಲಿ, ಒಂದು ಬಾಗಿಲಿನ ಇಸ್ತ್ರಿ ಅಂಗಡಿ ಇಟ್ಟಿದ್ದಾನೆ. ಅವನ ಕೈಯಲ್ಲಿ ಗಂಜಿ ಹಾಕಿಸಿಕೊಂಡ ಕಾಲರು ಕತ್ತು ಕೊಯ್ಯುವಷ್ಟು ಗಟ್ಟಿ, ಅದಕ್ಕೇ ಆ ಹೆಸರು.

"ಏನಕ್ಕಾ, ದಾರಿ ತಪ್ಪಿ ಬಂದ್ರಾ?" ಎಂದ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿ.

"ದಾರಿ ತಪ್ಪಿದ ವಸ್ತು ತಂದಿದೀನಿ" ಎಂದು ಶಾಲನ್ನು ಅವನ ಮೇಜಿನ ಮೇಲೆ ಬಿಡಿಸಿದೆ.

ಅವನ ಮುಖ ನೋಡಿಕೊಂಡೇ ಇದ್ದೆ. ಬಣ್ಣ ಹೋಗಲಿಲ್ಲ, ಬೆವರಲಿಲ್ಲ. ಎರಡೂ ಕೈಯಿಂದ ಶಾಲಿನ ಎರಡು ಮೂಲೆ ಹಿಡಿದು, ಮಲಗಿದ ಮಗುವನ್ನು ಎತ್ತಿಕೊಳ್ಳುವ ಹಾಗೆ ಎತ್ತಿಕೊಂಡ.

"ಎಲ್ಲಿ ಸಿಕ್ತು?"

"ಸಿಕ್ಕಿದ ಜಾಗ ಆಮೇಲೆ. ಅವತ್ತು ನನ್ನ ಮಗಳ ಕಡೆ ಕೈ ತೋರಿಸಿದೆಯಲ್ಲ, ಈಗ ಅದೇ ಬೆರಳಲ್ಲಿ ಈ ಹಸಿರು ಗುರುತು ತೋರಿಸಿ ಹೇಳು. ಇದನ್ನ ಹಾಕಿದವನು ನೀನೇ ತಾನೇ?"

"ನಾನಾ?" ಅವನಿಗೆ ನಗು ಬಂತು. "ನನ್ನ ಕೈಗೆ ಸೂಜಿ ಕೊಟ್ಟರೆ ಬಟ್ಟೆಯ ಜೊತೆ ಬೆರಳನ್ನೂ ಸೇರಿಸಿ ಹೊಲೀತೀನಿ. ಅಕ್ಕಾ, ಮೇಷ್ಟ್ರಿಗೆ ತೋರಿಸಿದ್ರಾ ಇದನ್ನ?"

"ಇನ್ನೂ ಇಲ್ಲ. ಮಾತು ತಿರುಗಿಸಬೇಡ."

"ತಿರುಗಿಸ್ತಿಲ್ಲ. ನಿಮ್ಮ ಕೈ ಕೊಡಿ." ನನ್ನ ಹೆಬ್ಬೆರಳು ಹಿಡಿದು ಹಸಿರು ದಾರದ ಕೊನೆಯ ಗಂಟಿನ ಮೇಲೆ ಇಟ್ಟ. "ಇಷ್ಟು ವರ್ಷ ನನ್ನ ಇಸ್ತ್ರಿಪೆಟ್ಟಿಗೆ ಈ ಗಂಟಿಗೆ ಎಡವಿದೆ. ಎಲ್ಲರೂ ಒಂದು ಸುತ್ತು ಸುತ್ತಿ ಗಂಟು ಹಾಕ್ತಾರೆ. ಎರಡು ಸುತ್ತು ಸುತ್ತಿ, ಹಲ್ಲಲ್ಲಿ ದಾರ ಕಡಿಯೋರು ಒಬ್ಬರೇ. ಎಷ್ಟು ಸಲ ನಿಮ್ಮ ಹತ್ತಿರ ಜಗಳ ಆಡಿಲ್ಲ ನಾನು, ಇಸ್ತ್ರಿ ಮಾಡಿದರೆ ಗಂಟಿನ ಅಚ್ಚು ಮೇಲೆ ಬೀಳುತ್ತೆ ಅಂತ?"

ನನ್ನ ಬೆರಳಿನ ಕೆಳಗೆ ಆ ಗಂಟು ಇತ್ತು. ಎರಡು ಸುತ್ತು. ತುದಿ ಜಜ್ಜಿಹೋಗಿತ್ತು, ಹಲ್ಲಿನಲ್ಲಿ ಕಡಿದದ್ದು.

ಒಂದು ವಾರ ಆ ಗಂಟನ್ನು ನೋಡಿದ್ದೆ. ನನ್ನ ಕೈಬೆರಳಿನ ಹಾಗೆ ಅದು ರೂಢಿಯಾಗಿತ್ತು, ಅದಕ್ಕೇ ಕಣ್ಣಿಗೆ ಬೀಳಲಿಲ್ಲ.

ಆ ಗುರುವಾರ ಚೆನ್ನಾಗಿ ನೆನಪಿದೆ. ಎಡಚಿಗೆ ಮಧ್ಯಾಹ್ನ ಜ್ವರ ಏರಿತ್ತು. ಮಾಲೀಕರು ಊಟಕ್ಕೆ ಹೋಗಿದ್ದರು. ಹಿಂದಿನ ಬಾಗಿಲಿನಿಂದ ಅವಳನ್ನು ಮನೆಗೆ ಕಳಿಸಿ, ಅವಳ ಜಾಗದಲ್ಲಿ ಒಂದು ಗಂಟೆ ನಾನು ಕೂತೆ. ಗುಡ್ಡೆಯಲ್ಲಿ ಗುರುತಿಲ್ಲದೆ ಉಳಿದ ನಾಲ್ಕು ಬಟ್ಟೆಗೆ ಗುರುತು ಹಾಕಿದೆ. ನೀಲಿ ದಾರದಲ್ಲಿ. ಇವತ್ತಿಗೂ ನನ್ನ ನೆನಪಿನಲ್ಲಿ ಅದು ನೀಲಿಯೇ. ನೆನಪು ಸರಿಯಾಗಿತ್ತು, ಪೊರೆಗಣ್ಣು ಸುಳ್ಳು ಹೇಳಿತ್ತು.

"ಅವಳಿಗೆ ಗೊತ್ತಿತ್ತಾ?" ಎಂದೆ.

"ಮಾರನೇ ಬೆಳಿಗ್ಗೆಯೇ ಗೊತ್ತಾಯ್ತು. ಸೂಜಿದಿಂಬಿನಲ್ಲಿ ಹಸಿರು ದಾರ ಪೋಣಿಸಿದ ಸೂಜಿ ಹಾಗೇ ಚುಚ್ಚಿಟ್ಟಿದ್ರಿ. ಹುಡುಕಿ ಹುಡುಕಿ ಮೂರು ಬಟ್ಟೆಯದು ಬಿಚ್ಚಿ ನೀಲಿ ಹಾಕಿದಳು. ನಾಲ್ಕನೇದು ಸಿಗಲಿಲ್ಲ. ಹಿಂದಿನ ಶುಕ್ರವಾರದ ಹಸಿರು ಗಂಟುಮೂಟೆ ಅಷ್ಟೊತ್ತಿಗಾಗಲೇ ಗಾಡಿ ಹತ್ತಿ ಹೋಗಿತ್ತು. ನನ್ನ ಹತ್ತಿರ ಬಂದು ಕೈ ಮುಗಿದಳು. ದೊಡ್ಡಮ್ಮ ರಿಟೈರಾಗೋಕೆ ಇನ್ನು ನಾಲ್ಕು ತಿಂಗಳು ಇದೆ, ಈಗ ತೆಗೆದುಹಾಕಿದರೆ ಅವಳು ಬದುಕಲ್ಲ, ಯಾರಿಗೂ ಹೇಳಬೇಡಣ್ಣಾ ಅಂದಳು."

ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ. ಅವನು ಪಕ್ಕದ ಅಂಗಡಿಯಿಂದ ಸೋಡಾ ತರಿಸಿ ನನ್ನ ಕೈಗೆ ಹಿಡಿಸಿದ. ತನ್ನ ಬಲಗೈಯೊಂದರಿಂದಲೇ ಹಿಡಿಸಿದ.

ಅವನ ಎಡಗೈ ಶಾಲಿನ ಎಡ ಮೂಲೆಯನ್ನು ಮುಷ್ಟಿಯೊಳಗೆ ಹಿಡಿದೇ ಇತ್ತು. ಶಾಲು ಎತ್ತಿಕೊಂಡಾಗಿನಿಂದಲೂ ಅದನ್ನು ಬಿಟ್ಟಿರಲಿಲ್ಲ. ಆಮೇಲೆ ತಾನೇ ಶಾಲು ಮಡಿಸಿ, ಆ ಮೂಲೆಯನ್ನು ಒಳಗೆ ಸೇರಿಸಿ, ದಿಂಬಿನ ಕವರಿಗೆ ಹಾಕಿ ಕೊಟ್ಟ. ಇದನ್ನು ನಾನು ಕಂಡೆ. ಕಂಡೂ, ನನ್ನ ತಪ್ಪಿನ ಭಾರದಲ್ಲಿ ಅದಕ್ಕೆ ಬೆಲೆ ಕೊಡಲಿಲ್ಲ.

"ಮೇಷ್ಟ್ರಿಗೆ ಮಾತ್ರ ಈಗಲೇ ತೋರಿಸಬೇಡಿ ಅಕ್ಕಾ" ಎಂದ ಹೊರಡುವಾಗ. ಅವನು ಮೇಷ್ಟ್ರ ಮಾತೆತ್ತಿದ್ದು ಅದು ಎರಡನೇ ಸಲ.

*

ಮಂಗಳವಾರ ಹತ್ತು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಕೋಣೆ. ಒಳಗೆ ಸೂರಿನವರೆಗೆ ಬಿಳಿ ಹಾಸಿಗೆ ಬಟ್ಟೆ ಪೇರಿಸಿದ್ದರು, ಒಂದರ ಅಂಚು ಒಂದಕ್ಕೆ ಕೂಡಿಕೊಂಡ ಹಾಗೆ. ಹಬೆಯ ವಾಸನೆ ಬಂದ ಕೂಡಲೇ ನನಗೆ ತವರಿಗೆ ಬಂದಂತಾಯಿತು.

ರಾತ್ರಿಯೇ ಎಡಚಿಗೆ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಬೆಳಿಗ್ಗೆ ತಲೆ ಬಾಚಿಕೊಡುವಾಗಲೂ ಬರಲಿಲ್ಲ. ಅವಳು ಒಳಗೆ, ಆ ಕೋಣೆ ನೋಡಿಕೊಳ್ಳುವ ಮೇಡಂ ಹತ್ತಿರ, ಹೋದಳು. ನಾನು ಹೊರಗಿನ ಬೆಂಚಿನ ಮೇಲೆ ಕೈಚೀಲ ಅಪ್ಪಿಕೊಂಡು ಕೂತೆ. ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ.

"ಒಂಬತ್ತನೇ ಸಾಲು ಓದಿದಿರಾ ಮೇಡಂ?" ಎಡಚಿಯ ದನಿ.

"ಓದಿದೆ."

"ನೀವು ಕೇಳೋ ಮೊದಲು ನಾನೇ ಹೇಳ್ತೀನಿ. ಕೇಳಿಸಿಕೊಂಡು ಬೇಡ ಅಂದರೆ ಎದ್ದು ಹೋಗ್ತೀನಿ. ನಾಲ್ಕು ವರ್ಷ ಲಾಂಡ್ರಿಯಲ್ಲಿ ಗುರುತು ಹಾಕ್ತಿದ್ದೆ. ಒಂದು ಶಾಲು ನನ್ನ ಮೇಜು ದಾಟಿ ಕಳೆದುಹೋಯಿತು. ಕದ್ದಳು ಅಂತ ತೆಗೆದರು. ನಾನು ಕದೀಲಿಲ್ಲ. ಆದರೆ ಅವತ್ತು ಜ್ವರ ಅಂತ ಮಾಲೀಕರಿಗೆ ಹೇಳದೆ ಮೇಜು ಬಿಟ್ಟು ಎದ್ದು ಹೋಗಿದ್ದೆ, ಅದು ನನ್ನ ತಪ್ಪು. ಆ ಶಾಲಿಗೆ ಗುರುತು ಹಾಕಿದ್ದೆನೋ ಇಲ್ಲವೋ ಅನ್ನೋದೂ ಜ್ವರದಲ್ಲಿ ನೆನಪಿಲ್ಲ. ಆಮೇಲೆ ಒಂದು ಹೋಟೆಲಿನಲ್ಲಿ ಇದನ್ನೆಲ್ಲ ಮುಚ್ಚಿಟ್ಟು ಕೆಲಸಕ್ಕೆ ಸೇರಿದೆ. ಅದೂ ನನ್ನ ತಪ್ಪೇ. ಇಷ್ಟೇ ಮೇಡಂ."

ಕಾಗದ ಮಗುಚಿದ ಸದ್ದು.

"ನೀವು ಎದ್ದು ಹೋದಾಗ ಆ ಮೇಜಿಗೆ ಯಾರು ಕೂತಿದ್ದರು?"

ಒಳಗೆ ಎಲ್ಲೋ ಒಂದು ಯಂತ್ರ ತಿರುಗಿ ನಿಂತಿತು.

"ಯಾರೂ ಇಲ್ಲ ಮೇಡಂ."

"ಯಾರೂ ಇಲ್ಲ ಅಂದರೆ? ಲಾಂಡ್ರಿಯಲ್ಲಿ ಗುರುತಿನ ಮೇಜು ಖಾಲಿ ಬಿಡ್ತಾರಾ? ನಾನೂ ಇದೇ ಕೆಲಸದಲ್ಲಿ ಕೂದಲು ನರೆಸಿದವಳು. ಇಷ್ಟು ಹೊತ್ತು ನಿಮ್ಮ ಮಾತು ನಂಬಿದೆ. ಇದೊಂದು ನಂಬೋದಿಲ್ಲ."

ಅಷ್ಟೆಲ್ಲ ನಿಜ ಹೇಳಿದವಳು ಒಂದೇ ಒಂದು ಸುಳ್ಳು ಹೇಳಿದಳು, ಅದೂ ನನಗಾಗಿ. ಆ ಒಂದರಲ್ಲೇ ಕೆಲಸ ಕೈಬಿಟ್ಟು ಹೋಗುತ್ತಿತ್ತು.

ನಾನು ಬಾಗಿಲು ತಳ್ಳಿದೆ.

"ನಾನು ಕೂತಿದ್ದೆ."

"ದೊಡ್ಡಮ್ಮಾ, ಹೊರಗೆ ಹೋಗು!" ಎಡಚಿ ಎದ್ದೇಬಿಟ್ಟಳು.

"ಹೋಗ್ತೀನಿ. ಹೇಳಿ ಹೋಗ್ತೀನಿ." ಶಾಲನ್ನು ಮೇಡಂ ಮುಂದೆ ಇಟ್ಟೆ. "ಕಳೆದದ್ದು ಇದೇ. ನೀಲಿ ಹಾಕಬೇಕಾದ ಕಡೆ ಹಸಿರು ದಾರ ಹಾಕಿದ್ದು ಈ ಕೈ. ಕಣ್ಣಿಗೆ ಪೊರೆ ಇತ್ತು. ಸೂಜಿ ಮುಟ್ಟಬೇಡ ಅಂದಿದ್ದರು, ಮುಟ್ಟಿದೆ. ಇವಳು ಅದನ್ನ ನುಂಗಿಕೊಂಡು ಮೂರು ವರ್ಷ ಮನೇಲಿ ಕೂತಳು. ಈ ಗಂಟು ನೋಡಿ, ಬೇಕಾದರೆ ಈಗಲೇ ಇನ್ನೊಂದು ಹಾಕಿ ತೋರಿಸ್ತೀನಿ."

ಎಡಚಿ ಶಾಲನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

"ಯಾರು ಹೇಳಿದ್ದು ನಿನಗೆ?"

"ಗಂಜಿಯಣ್ಣ. ನೀನ್ಯಾಕೆ ಹೇಳಲಿಲ್ಲ ಎಡಚೀ?"

"ಏನು ಹೇಳೋದು? ನಿನ್ನನ್ನ ಬೀಳ್ಕೊಡುವ ದಿನ ಆ ಬಾಗಿಲಿಂದ ನೀನು ತಲೆಯೆತ್ತಿಕೊಂಡು ಬರೋದನ್ನ ನಾನು ಎದುರುಗಡೆ ಬಸ್ ಸ್ಟಾಪಿನಲ್ಲಿ ನಿಂತು ನೋಡಿದೆ. ಕೈಯಲ್ಲಿ ಹೂವಿನ ಗೊಂಚಲು ಹಿಡಿದು, ಯಾರನ್ನೋ ಹುಡುಕೋ ಥರ ಅತ್ತ ಇತ್ತ ನೋಡ್ತಾ ನೀನು ಬಂದೆ. ಅಷ್ಟು ಸಾಕಾಯ್ತು ನನಗೆ."

ನಾನು ಅವಳ ಕೆನ್ನೆ ಒರೆಸಿದೆ. ಅವಳು ನನ್ನದು ಒರೆಸಿದಳು. ಅವಳ ಬೆರಳಿನ ಶಾಯಿ ನನ್ನ ಮುಖಕ್ಕೆ ಅಂಟಿತು.

"ನೀವಿಬ್ಬರೂ ಅತ್ತು ಮುಗಿಸಿದ್ದರೆ," ಎಂದರು ಮೇಡಂ, "ಸ್ವಲ್ಪ ಈ ಕಡೆ ನೋಡ್ತೀರಾ?"

ಅವರ ಕಣ್ಣಿಗೆ ಭೂತಗನ್ನಡಿ ಇತ್ತು. ನೋಡುತ್ತಿದ್ದದ್ದು ಬಲ ಮೂಲೆಯನ್ನಲ್ಲ, ಎಡ ಮೂಲೆಯನ್ನು.

"ಅಮ್ಮಾ, ನೀವು ಗುರುತು ಹಾಕೋದು ಯಾವ ಮೂಲೆಗೆ?"

"ಬಲಕ್ಕೆ."

"ಈ ಹುಡುಗಿ?"

"ಎಡಕ್ಕೆ. ಅವಳ ಕೈಗೆ ಅದೇ ಸಲೀಸು."

"ಹಾಗಾದರೆ ಇದು ಯಾರದು?"

ಎಡ ಮೂಲೆಯ ಮಡಿಕೆಯನ್ನು ಸೂಜಿಯಿಂದ ಎಬ್ಬಿಸಿ ತೋರಿಸಿದರು. ಉಣ್ಣೆಯ ಸಂದಿಯಲ್ಲಿ ರೆಪ್ಪೆಗೂದಲಿನಷ್ಟು ಸಣ್ಣ ನೀಲಿ ಎಳೆಗಳು. ಒಳಗೆ ಆಳದಲ್ಲಿ ಒಂದು ಗಂಟು ಇನ್ನೂ ಉಳಿದಿತ್ತು. ಒಂದೇ ಸುತ್ತು, ಎಡಕ್ಕೆ ತಿರುಗಿದ್ದು.

ಎಡಚಿ ಬಗ್ಗಿ ನೋಡಿದಳು. ಬೆರಳು ಮುಟ್ಟಿಸಿದಳು.

"ಇದು ನನ್ನದು!" ಎಂದಳು. "ದೊಡ್ಡಮ್ಮಾ, ನಾನು ಹಾಕಿದ್ದೆ. ಜ್ವರದಲ್ಲೂ ಹಾಕಿದ್ದೆ!"

"ಹಾಕಿದ್ದಿರಿ," ಎಂದರು ಮೇಡಂ. "ಯಾರೋ ಬಿಚ್ಚಿದ್ದಾರೆ. ಬ್ಲೇಡಿನಲ್ಲಿ, ನಿಧಾನವಾಗಿ, ಬಟ್ಟೆಗೆ ನೋವಾಗದ ಹಾಗೆ. ಗುರುತಿಲ್ಲದ ಬಟ್ಟೆ ಯಾರ ಮನೆಯದೂ ಅಲ್ಲವಲ್ಲ, ಸಂಜೆ ಚೀಲಕ್ಕೆ ಹಾಕಿಕೊಂಡು ಹೋಗಬಹುದಿತ್ತು. ಅಷ್ಟರಲ್ಲಿ ನಿಮ್ಮ ದೊಡ್ಡಮ್ಮ ಬಂದು ಕೂತು, ಪಾಪ, ಗುರುತಿಲ್ಲ ಅಂತ ಹೊಸ ಗುರುತು ಹಾಕಿದ್ದಾರೆ. ಅದೂ ತಪ್ಪು ಬಣ್ಣ. ಬಿಚ್ಚಿದವರಿಗೂ ಅದು ಸಿಗದ ಹಾಗೆ ಲಾಡ್ಜಿಗೆ ಹೋಗಿ ಕೂತಿದೆ."

ನನಗೆ ಆಗ ಗಂಜಿಯಣ್ಣನ ಎಡ ಮುಷ್ಟಿ ನೆನಪಾಯಿತು.

ಮೇಡಂ ಅರ್ಜಿಯನ್ನು ಮತ್ತೆ ಕೈಗೆ ತೆಗೆದುಕೊಂಡರು. "ಒಂಬತ್ತನೇ ಸಾಲು ಬರೆದ ಹಾಗೇ ಇರಲಿ, ಅಳಿಸಬೇಡಿ. ಅದನ್ನ ನೋಡಿಯೇ ಇವತ್ತು ಎಲ್ಲರಿಗಿಂತ ಮೊದಲು ನಿಮ್ಮನ್ನ ಒಳಗೆ ಕರೆದದ್ದು. ಅದರ ಕೆಳಗೆ ನಾನು ಎರಡು ಮಾತು ಬರೀಬೇಕು. ಮೇಲಿನವರು ಕೇಳೋದು ಒಂದೇ: ಕಳ್ಳತನ ಅಂತ ಕಾಗದ ಇದೆ, ಇವಳಲ್ಲ ಅಂದರೆ ಮತ್ಯಾರು? ಶುಕ್ರವಾರ ಅರ್ಜಿ ಮೇಲೆ ಹೋಗುತ್ತೆ. ಬಿಚ್ಚಿದ ಕೈ ಯಾರದು ಅಂತ ಅಷ್ಟರೊಳಗೆ ನನಗೆ ಹೇಳಿ."

ಬಾಗಿಲ ಹತ್ತಿರ ಬಂದಾಗ ಹಿಂದಿನಿಂದ ಕೂಗಿದರು. "ಮತ್ತೆ ನೋಡಮ್ಮಾ, ಮೇಜಿಗೆ ಯಾರು ಕೂತಿದ್ದರು ಅಂದರೆ ಇನ್ನೊಂದು ಸಲ ನನಗೆ ಸುಳ್ಳು ಹೇಳಬೇಡ. ನಿನಗೆ ಅದು ಬರೋದೂ ಇಲ್ಲ."

*

ಮಂಗಳವಾರ ಸಂಜೆ ಹೋದಾಗ ಇಸ್ತ್ರಿ ಅಂಗಡಿ ಮುಚ್ಚಿತ್ತು. ಬುಧವಾರ ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಮತ್ತೆ ಹೋದೆವು. ದಾರಿಯುದ್ದಕ್ಕೂ ಎಡಚಿ ಅವನ ಪರವಾಗಿಯೇ ಮಾತಾಡಿದಳು.

"ಅವನು ಕೆಟ್ಟವನಲ್ಲ ದೊಡ್ಡಮ್ಮಾ. ನಾನು ಕೈ ಮುಗಿದಾಗ ಅವನ ಕಣ್ಣಲ್ಲೂ ನೀರಿತ್ತು."

"ನಿನಗಾಗಿ ಬಂದ ನೀರೋ, ಅವನಿಗಾಗಿಯೋ, ಕೇಳೋಣ ನಡಿ."

ಬಾಗಿಲು ತೆರೆದಿತ್ತು. ಮೇಜಿನ ಮೇಲೆ ಜನರ ಬಟ್ಟೆ ಒಂದೂ ಇರಲಿಲ್ಲ, ಎಲ್ಲವನ್ನೂ ಇಸ್ತ್ರಿ ಮಾಡಿ ಮನೆಮನೆಗೆ ಕೊಟ್ಟು ಮುಗಿಸಿದ್ದ. ಇಸ್ತ್ರಿಪೆಟ್ಟಿಗೆ ಮಾತ್ರ ನಡುಮಧ್ಯ ನಿಂತಿತ್ತು. ಮುಟ್ಟಿ ನೋಡಿದೆ. ಇನ್ನೂ ಬೆಚ್ಚಗಿತ್ತು. ಅದರ ಕೆಳಗೆ ಎಡಚಿಯ ಹಳೆಯ ಏಪ್ರನ್ನು, ಕೆಲಸ ಬಿಟ್ಟ ದಿನ ಅವಳು ಲಾಂಡ್ರಿಯ ಮೊಳೆಗೆ ಬಿಟ್ಟುಬಂದದ್ದು, ಗಂಜಿ ಹಾಕಿ ನಾಲ್ಕು ಮಡಿಕೆ ಮಾಡಿ ಇಟ್ಟಿತ್ತು.

ಎಡಚಿ ಅದನ್ನು ಎದೆಗೆ ಒತ್ತಿಕೊಂಡಳು.

ಪಕ್ಕದಿಂದ ಸೋಡಾ ಅಂಗಡಿಯಾಕೆ ಇಣುಕಿದಳು. "ಯಾರನ್ನ ಹುಡುಕ್ತೀರಿ? ಈಗ ಹೋದ್ರಲ್ಲ, ಅರ್ಧ ಗಂಟೆ ಆಯ್ತು. ದೊಡ್ಡ ಪೆಟ್ಟಿಗೆ, ಹಾಸಿಗೆ, ಎಲ್ಲಾ ಸಮೇತ."

"ಒಬ್ಬನೇ ಹೋದನಾ?"

"ಇಲ್ಲಮ್ಮ. ಒಬ್ಬರು ಬಾಡಿಗೆ ಕಾರು ತಂದು ನಿಂತಿದ್ರು. ವಯಸ್ಸಾದವರು. ಇವನೇ ಅವರ ಕೈ ಹಿಡಿದು ಕೂರಿಸಿದ. ಅದ್ಯಾವುದೋ ಪೆಟ್ಟಿಗೆ ಇತ್ತು ಅವರ ಹತ್ತಿರ, ಹಿಂದೆ ಇಡಿ ಅಂದರೆ ಕೇಳಲಿಲ್ಲ, ತೊಡೆ ಮೇಲೇ ಇಟ್ಟುಕೊಂಡ್ರು. ಇಷ್ಟುದ್ದ, ಒಂದು ಕಡೆ ಸಣ್ಣ, ಒಂದು ಕಡೆ ದಪ್ಪ."

ಎಡಚಿ ನನ್ನ ಮುಖ ನೋಡಿದಳು. ನನ್ನ ಕೈಚೀಲದಲ್ಲಿ ಆ ಶಾಲು ಇದ್ದಕ್ಕಿದ್ದಂತೆ ಭಾರವಾಯಿತು. ಕಳಕೊಂಡವರು ಎಂದು ಮೂರು ವರ್ಷ ನಾವು ಮರುಗಿದ್ದು ಅವರಿಗಾಗಿಯೇ. ಬಿಚ್ಚಿದ ಕೈ ಗಂಜಿಯಣ್ಣನದಾದರೆ, ಬಿಚ್ಚಿಸಿದವರು ಮೇಷ್ಟ್ರೇ ಏನು?

ಶುಕ್ರವಾರಕ್ಕೆ ಇನ್ನು ಎರಡು ದಿನ. ಗಂಜಿಯಣ್ಣ ಮತ್ತು ಪಿಟೀಲು ಮೇಷ್ಟ್ರು, ಒಂದೇ ಕಾರಿನಲ್ಲಿ ಊರು ಬಿಟ್ಟದ್ದು ಬುಧವಾರ.